ಉಳಿದ ದಿನಗಳಿಗೆ ಬೆಲೆ ಕಟ್ಟುವ ಲೆಕ್ಕ

ಮಂಗಳೂರಿನ ಪಿವಿಎಸ್ ವೃತ್ತದಿಂದ ಎಂ.ಜಿ. ರಸ್ತೆ ಹಿಡಿದು ಕೊಡಿಯಾಲ್‌ಬೈಲ್ ಮೂಲಕ ಬಲ್ಲಾಳ್‌ಬಾಗ್ ಕಡೆಗೆ ಹೋದರೆ ಆಸ್ಪತ್ರೆ, ಕಾಲೇಜು, ಅಂಗಡಿಗಳ ನಡುವೆ ಲೆಕ್ಕಪರಿಶೋಧಕರ ಮತ್ತು ವಕೀಲರ ನಾಮಫಲಕಗಳೂ ಕಾಣುತ್ತವೆ. ಇಂಥ ಕಚೇರಿಗಳ ಖರ್ಚಿನ ಪಟ್ಟಿಯಲ್ಲಿ ಬಾಡಿಗೆ, ಕರೆಂಟ್ ಬಿಲ್ಲುಗಳ ಕೆಳಗೆ ಈಗ ಇನ್ನೊಂದು ಸಾಲು ಸೇರಿದೆ: ಸಾಫ್ಟ್‌ವೇರ್ ಚಂದಾ. ಏಪ್ರಿಲ್‌ನಲ್ಲಿ ವರ್ಷದ ಹಣ ಕಟ್ಟಿರುತ್ತಾರೆ. ಸೆಪ್ಟೆಂಬರ್‌ನಲ್ಲಿ ಆಡಿಟ್ ಕೆಲಸ ಮೈಮೇಲೆ ಬಿದ್ದಾಗ ಹಳೆಯ ಪ್ಲಾನ್ ಸಾಲುವುದಿಲ್ಲ. ಇನ್ನಷ್ಟು ಜನ ಬಳಸಬೇಕು, ಇನ್ನಷ್ಟು ಕಡತ ಇಡಬೇಕು. ಅವಧಿ ಮುಗಿಯಲು ಇನ್ನೂ ಅರ್ಧ ವರ್ಷವಿರುವಾಗಲೇ ಮೇಲಿನ ಪ್ಲಾನ್‌ಗೆ ಏರುತ್ತಾರೆ.

ಆಗ ಬರುವ ಬಿಲ್ಲು ಹಲವರಿಗೆ ಒಗಟು. ಎರಡು ಪ್ಲಾನ್‌ಗಳ ಬೆಲೆಯ ವ್ಯತ್ಯಾಸವೂ ಅದರಲ್ಲಿ ಕಾಣದು, ಅದರ ಅರ್ಧವೂ ಕಾಣದು. ಪೈಸೆಗಳ ಸಮೇತ ಯಾವುದೋ ಒಂದು ಮೊತ್ತ ಇರುತ್ತದೆ. ಆ ಮೊತ್ತ ಹುಟ್ಟುವ ಬಗೆಯನ್ನು ಕಾಗದ, ಪೆನ್ನು ಹಿಡಿದು ಯಾರು ಬೇಕಾದರೂ ಬಿಡಿಸಬಹುದು.

ಬೀಗ ಒಂದು, ಕೀಲಿ ಹಲವು

ಮೊದಲು ಒಂದು ಪ್ರಶ್ನೆ. ಮೇಲಿನ ಪ್ಲಾನ್‌ಗೆ ಏರಿದಾಗ ನಮಗೆ ಹೊಸದಾಗಿ ಏನು ಸಿಗುತ್ತದೆ? ಅನೇಕ ಸಲ ಹೊಸ ಪ್ರೋಗ್ರಾಂ ಏನೂ ಬರುವುದಿಲ್ಲ. ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 1986ರಲ್ಲಿ ಶುರುವಾದ, ಈಗ ಬೆಂಗಳೂರಿನಲ್ಲಿ ನೆಲೆಸಿರುವ ಟ್ಯಾಲಿ ಸಂಸ್ಥೆಯ ಲೆಕ್ಕಪತ್ರ ತಂತ್ರಾಂಶದಲ್ಲಿ ಸಿಲ್ವರ್ ಒಬ್ಬರು ಬಳಸುವುದು. ಗೋಲ್ಡ್ ಕಚೇರಿಯ ಜಾಲದಲ್ಲಿ ಹಲವರು ಬಳಸುವುದು. ಲೈಸೆನ್ಸೇ ಇಲ್ಲದೆ ತೆರೆದರೆ ಅದೇ ಪ್ರೋಗ್ರಾಂ ಎಜುಕೇಷನಲ್ ಮೋಡ್‌ನಲ್ಲಿ ಓಡುತ್ತದೆ. ಕಲಿಕೆಗೆಂದು ಅದನ್ನು ತೆರೆದ ವಾಣಿಜ್ಯ ವಿದ್ಯಾರ್ಥಿಗಳಿಗೆ ಗೊತ್ತು, ಅಲ್ಲಿ ತಿಂಗಳ ಕೆಲವೇ ತಾರೀಕುಗಳಲ್ಲಿ ಎಂಟ್ರಿ ಹಾಕಲು ಬರುತ್ತದೆ. ಅಂದರೆ ಎಲ್ಲ ಸಾಮರ್ಥ್ಯವೂ ಆ ಕಂಪ್ಯೂಟರ್‌ನಲ್ಲಿ ಆಗಲೇ ಇದೆ. ಯಾವುದು ತೆರೆಯಬೇಕು, ಯಾವುದು ಮುಚ್ಚಿರಬೇಕು ಎಂಬುದನ್ನು ಲೈಸೆನ್ಸ್ ನಿರ್ಧರಿಸುತ್ತದೆ.

ಈ ಲೈಸೆನ್ಸ್ ಎಂಬುದು ಸಾಮಾನ್ಯವಾಗಿ ಒಂದು ಪುಟ್ಟ ದಾಖಲೆ. ಗ್ರಾಹಕ ಯಾರು, ಯಾವ ಪ್ಲಾನ್, ಎಷ್ಟು ಬಳಕೆದಾರರು, ಯಾವ ದಿನದವರೆಗೆ ಎಂಬಷ್ಟೇ ಅದರಲ್ಲಿರುತ್ತದೆ. ಯಾರಾದರೂ ಅದನ್ನು ತೆರೆದು ತಾರೀಕು ತಿದ್ದಿದರೆ? ಅದನ್ನು ತಡೆಯಲು ಡಿಜಿಟಲ್ ಸಹಿ ಇದೆ. 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು ರೂಪಿಸಿದ ಆರ್‌ಎಸ್‌ಎ ವಿಧಾನ ಇಂಥ ಸಹಿಗೆ ದಾರಿ ಮಾಡಿತು. ಸಹಿ ಹಾಕುವ ಗುಪ್ತ ಸಂಖ್ಯೆ ಮಾರುವವರ ಬಳಿ ಮಾತ್ರ ಇರುತ್ತದೆ. ಸಹಿ ಅಸಲಿಯೇ ಎಂದು ಪರೀಕ್ಷಿಸುವ ಸಂಖ್ಯೆ ಪ್ರೋಗ್ರಾಂ ಒಳಗೇ ಕುಳಿತಿರುತ್ತದೆ. ದಾಖಲೆಯ ಒಂದು ಅಕ್ಷರ ಬದಲಾದರೂ ಸಹಿ ತಾಳೆಯಾಗದು. ನೀವು ಅಪ್‌ಗ್ರೇಡ್ ಬಟನ್ ಒತ್ತಿ ಹಣ ಪಾವತಿಯಾದೊಡನೆ ಹೊಸ ಸಹಿಯಿರುವ ದಾಖಲೆ ಬರುತ್ತದೆ, ಮುಚ್ಚಿದ್ದ ಮೆನುಗಳು ತೆರೆದುಕೊಳ್ಳುತ್ತವೆ. ಬ್ರೌಸರ್‌ನಲ್ಲೇ ಬಳಸುವ ತಂತ್ರಾಂಶವಾದರೆ ಇಷ್ಟೂ ಬೇಡ, ಕಂಪನಿಯ ಸರ್ವರ್‌ನಲ್ಲಿ ನಿಮ್ಮ ಹೆಸರಿನ ಮುಂದಿನ ಒಂದು ನಮೂದು ಬದಲಾದರೆ ಸಾಕು.

ಪತ್ರಿಕೆಯ ಚಂದಾದಲ್ಲಿ ಹೀಗೆ ಆಗದು. ಇದೇ ಬಡಾವಣೆಯ ಹೆಸರು ಹೊತ್ತ ಕೊಡಿಯಾಲ್‌ಬೈಲ್ ಪ್ರೆಸ್ಸಿನಂಥ ಮುದ್ರಣಾಲಯದಲ್ಲಿ ಚಂದಾದಾರನಿಗೆ ನಾಲ್ಕು ಪುಟ ಹೆಚ್ಚು ಕೊಡಬೇಕಾದರೆ ಕಾಗದ, ಶಾಯಿ, ಅಂಚೆ ಎಲ್ಲಕ್ಕೂ ಖರ್ಚು ಏರುತ್ತದೆ. ಸಾಫ್ಟ್‌ವೇರ್ ಮಾರುವವರಿಗೆ ಇನ್ನೊಬ್ಬರಿಗೆ ಮೇಲಿನ ಪ್ಲಾನ್ ತೆರೆದುಕೊಡುವ ಹೆಚ್ಚುವರಿ ಖರ್ಚು ಬಹಳ ಸಲ ಶೂನ್ಯಕ್ಕೆ ಹತ್ತಿರ. ಹಾಗಿದ್ದೂ ಎರಡು ಬೆಲೆ ಯಾಕೆ? ಒಂದೇ ಸರಕನ್ನು ಬೇರೆ ಬೇರೆ ಅಳತೆಗೆ ಕತ್ತರಿಸಿ, ಹೆಚ್ಚು ಬೇಕಾದವರಿಂದ ಹೆಚ್ಚು ಪಡೆಯುವ ಈ ತಂತ್ರವನ್ನು ಅರ್ಥಶಾಸ್ತ್ರಜ್ಞರು ವರ್ಷನಿಂಗ್ ಎನ್ನುತ್ತಾರೆ. ಐಬಿಎಂ ಹಿಂದೆ ನಿಮಿಷಕ್ಕೆ 10 ಪುಟ ಮುದ್ರಿಸುವ ಲೇಸರ್ ಪ್ರಿಂಟರ್ ಮಾರುತ್ತಿತ್ತು. ಅದೇ ಯಂತ್ರದ ಅಗ್ಗದ ಮಾದರಿ ಮುದ್ರಿಸುತ್ತಿದ್ದುದು 5 ಪುಟ. ವೇಗ ಇಳಿಸಲೆಂದೇ ಅದರಲ್ಲಿ ಹೆಚ್ಚುವರಿ ಅಡ್ಡಿ ಸೇರಿಸಿದ್ದರು!

ಹೀಗಾಗಿ ನಡುವರ್ಷದ ಬಿಲ್ಲು ಯಾವುದೋ ವಸ್ತುವಿನ ಬೆಲೆಯಲ್ಲ. ಅದು ಉಳಿದ ಕಾಲದ ಬೆಲೆ.

ಒಂದು ಕಚೇರಿಯ ಲೆಕ್ಕ

ಲೆಕ್ಕ ಸುಲಭವಾಗಲೆಂದು ಒಂದು ಕಾಲ್ಪನಿಕ ಕಚೇರಿಯನ್ನು ತೆಗೆದುಕೊಳ್ಳೋಣ. ಚಂದಾ ಅವಧಿ 2026ರ ಏಪ್ರಿಲ್ 1ರಿಂದ 2027ರ ಮಾರ್ಚ್ 31ರವರೆಗೆ, ಒಟ್ಟು 365 ದಿನ. ಕೆಳಗಿನ ಪ್ಲಾನ್‌ಗೆ ವರ್ಷಕ್ಕೆ ₹14,600, ಅಂದರೆ ದಿನಕ್ಕೆ ₹40. ಮೇಲಿನದಕ್ಕೆ ₹25,550, ದಿನಕ್ಕೆ ₹70. ಸೆಪ್ಟೆಂಬರ್ 10ರಂದು ಕಚೇರಿ ಮೇಲಿನ ಪ್ಲಾನ್‌ಗೆ ಏರುತ್ತದೆ. ಅಷ್ಟರಲ್ಲಿ 162 ದಿನ ಕಳೆದಿವೆ, 203 ದಿನ ಉಳಿದಿವೆ.

ಕಂಪನಿಗಳು ಈಗ ಮೂರು ಬಗೆಯಲ್ಲಿ ಲೆಕ್ಕ ಮುಗಿಸಬಹುದು.

ಮೊದಲನೆಯದು, ಕೊನೆಯ ತಾರೀಕು ಹಾಗೇ ಇಡುವುದು. ಹಳೆಯ ಪ್ಲಾನ್‌ನಲ್ಲಿ ಬಳಸದೆ ಉಳಿದ ಹಣ 203 × 40 = ₹8,120. ಅದೇ ದಿನಗಳಿಗೆ ಹೊಸ ಪ್ಲಾನ್‌ನ ಬೆಲೆ 203 × 70 = ₹14,210. ಕೊಡಬೇಕಾದ್ದು ವ್ಯತ್ಯಾಸ ₹6,090. ಶೇ 18ರ ಜಿಎಸ್‌ಟಿ ₹1,096.20 ಬೇರೆ.

ಎರಡನೆಯದು, ಸೆಪ್ಟೆಂಬರ್ 10ರಿಂದಲೇ ಹೊಸ ವರ್ಷ ಶುರು ಮಾಡುವುದು. ಪೂರ್ತಿ ₹25,550ರಲ್ಲಿ ಹಳೆಯ ₹8,120 ಕಳೆದು ₹17,430 ಕಟ್ಟಬೇಕು. ಬಿಲ್ಲು ನೋಡಿದರೆ ಎದೆ ಧಸಕ್ ಎನ್ನುತ್ತದೆ. ಆದರೆ ಈಗ ಅವಧಿ 2027ರ ಸೆಪ್ಟೆಂಬರ್ 9ರವರೆಗೆ, ಅಂದರೆ 162 ದಿನ ಮುಂದೆ ಹೋಗಿದೆ. ಆ ದಿನಗಳ ಬೆಲೆ 162 × 70 = ₹11,340. ಮೊದಲ ಬಗೆಗಿಂತ ಹೆಚ್ಚು ಕಟ್ಟಿದ್ದೂ ಸರಿಯಾಗಿ ಅಷ್ಟೇ.

ಮೂರನೆಯದು, ಹಣವನ್ನೇ ಕೇಳದೆ ಅವಧಿ ಕುಗ್ಗಿಸುವುದು. ಉಳಿದ ₹8,120ನ್ನು ಹೊಸ ದರ 70ರಿಂದ ಭಾಗಿಸಿದರೆ 116 ದಿನ. ಹಳೆಯ 203 ದಿನ ಹೊಸ ಪ್ಲಾನ್‌ನ 116 ದಿನವಾಗಿ, ಚಂದಾ 2027ರ ಜನವರಿ 3ಕ್ಕೇ ಮುಗಿಯುತ್ತದೆ.

ಮೂರು ಬಿಲ್ಲುಗಳು: ₹6,090, ₹17,430, ಸೊನ್ನೆ. ಮೂರರಲ್ಲೂ ಮೇಲಿನ ಪ್ಲಾನ್‌ನ ಒಂದು ದಿನಕ್ಕೆ ₹70ರ ಲೆಕ್ಕವೇ. ಬಿಲ್ಲಿನ ಮೊತ್ತವನ್ನು ಮಾತ್ರ ನೋಡಿ ಯಾವುದು ಲಾಭ ಎಂದು ಹೇಳುವಂತಿಲ್ಲ. ಕೊನೆಯ ತಾರೀಕನ್ನೂ ಜೊತೆಗೆ ನೋಡಬೇಕು.

ದಿನವನ್ನು ಅಳೆಯುವುದು ಹೇಗೆ?

ಗಣಿತ ಇಲ್ಲಿಗೆ ಮುಗಿಯಬೇಕಿತ್ತು. ಆದರೆ 'ಉಳಿದ ಕಾಲ' ಎಂಬುದನ್ನು ಅಳೆಯಲು ಒಂದಕ್ಕಿಂತ ಹೆಚ್ಚು ಗಜಕೋಲುಗಳಿವೆ.

ತಿಂಗಳ ಲೆಕ್ಕ ಹಿಡಿದರೆ ಸೆಪ್ಟೆಂಬರ್ ಪೂರ್ತಿ ಹೊಸ ಪ್ಲಾನ್‌ಗೆ ಸೇರಿ 7 ತಿಂಗಳ ವ್ಯತ್ಯಾಸ ₹6,387.50 ಆಗುತ್ತದೆ. ಸೆಪ್ಟೆಂಬರ್ ಬಿಟ್ಟು ಅಕ್ಟೋಬರ್‌ನಿಂದ ಎಣಿಸಿದರೆ 6 ತಿಂಗಳಿಗೆ ₹5,475. ಎಲ್ಲ ತಿಂಗಳಿಗೂ 30 ದಿನ, ವರ್ಷಕ್ಕೆ 360 ದಿನ ಎಂದು ಹಿಡಿಯುವ ಪದ್ಧತಿಯೂ ಇದೆ. ಭಾರತ ಸರ್ಕಾರದ ದೀರ್ಘಾವಧಿ ಸಾಲಪತ್ರಗಳ ಬಡ್ಡಿಯನ್ನು ಇವತ್ತಿಗೂ ಹೀಗೇ ಎಣಿಸುತ್ತಾರೆ. ಅಲ್ಪಾವಧಿಯ ಟ್ರೆಶರಿ ಬಿಲ್‌ಗಳಿಗೆ ಮಾತ್ರ ನಿಜವಾದ ದಿನಗಳು, 365ರ ವರ್ಷ. ಆ 360ರ ಲೆಕ್ಕದಲ್ಲಿ ನಮ್ಮ ಕಚೇರಿಗೆ ಉಳಿಯುವುದು 201 ದಿನ, ಬಿಲ್ಲು ₹6,113.75.

ಇನ್ನು ಸೆಕೆಂಡಿನ ಲೆಕ್ಕ. ಕಂಪ್ಯೂಟರ್‌ಗಳು ಸಾಮಾನ್ಯವಾಗಿ ಕಾಲವನ್ನು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳಾಗಿ ಎಣಿಸುತ್ತವೆ. ಪಾವತಿ ಸೇವೆಗಳಲ್ಲಿ ಹೆಸರಾದ ಸ್ಟ್ರೈಪ್‌ನ ಬಿಲ್ಲಿಂಗ್ ವ್ಯವಸ್ಥೆಯೂ ಇಂಥ ಹಂಚಿಕೆಯನ್ನು ಸೆಕೆಂಡಿನವರೆಗೆ ಇಳಿದು ಮಾಡುತ್ತದೆ. ನಮ್ಮ ಕಚೇರಿ ಸೆಪ್ಟೆಂಬರ್ 10ರ ಸಂಜೆ 4 ಗಂಟೆಗೆ ಬಟನ್ ಒತ್ತಿದರೆ ಉಳಿಯುವುದು 202 ದಿನ 8 ಗಂಟೆ, ಬಿಲ್ಲು ₹6,070.

ಸರ್ವರ್ ಯಾವ ದೇಶದ ಗಡಿಯಾರ ನೋಡುತ್ತದೆ ಎಂಬುದೂ ಮುಖ್ಯ. ಅಂತರರಾಷ್ಟ್ರೀಯ ಪ್ರಮಾಣ ಕಾಲ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ದಿನದ ಲೆಕ್ಕ ಹಿಡಿಯುವ ಸರ್ವರ್ ಆ ಗಡಿಯಾರ ನೋಡುತ್ತಿದ್ದರೆ, ಮಂಗಳೂರಿನಲ್ಲಿ ಬೆಳಗಿನ ಜಾವ 5ಕ್ಕೆ ಮಾಡಿದ ಅಪ್‌ಗ್ರೇಡ್ ಹಿಂದಿನ ದಿನದ ಖಾತೆಗೆ ಬೀಳುತ್ತದೆ. ಅಧಿಕ ವರ್ಷದ್ದು ಇನ್ನೊಂದು ತೊಡಕು. 2027ರ ಏಪ್ರಿಲ್‌ನಿಂದ 2028ರ ಮಾರ್ಚ್‌ವರೆಗಿನ ಅವಧಿಯಲ್ಲಿ ಫೆಬ್ರವರಿ 29 ಬರುವುದರಿಂದ 366ರಿಂದ ಭಾಗಿಸಬೇಕು. 365 ಎಂದೇ ಬರೆದಿಟ್ಟ ಪ್ರೋಗ್ರಾಂ ಅಲ್ಲಿ ಎಡವುತ್ತದೆ.

ಇವುಗಳಲ್ಲಿ ಯಾವುದೂ ಮೋಸವಲ್ಲ, ಯಾವುದೂ ತಪ್ಪು ಗಣಿತವೂ ಅಲ್ಲ. ಎಲ್ಲವೂ ರೂಢಿಗಳು. ಒಪ್ಪಂದದಲ್ಲಿ ಯಾವುದನ್ನು ಬರೆದಿದೆಯೋ ಅದು ನಡೆಯುತ್ತದೆ. ಒಂದೇ ಅಪ್‌ಗ್ರೇಡ್‌ಗೆ ₹5,475ರಿಂದ ₹6,387.50ರವರೆಗೆ ಬಿಲ್ಲು ಬರಬಹುದು ಎಂಬುದನ್ನು ಸಹಿ ಹಾಕುವ ಮೊದಲೇ ತಿಳಿದಿದ್ದರೆ ಒಳ್ಳೆಯದು.

ಪೈಸೆ ಎಲ್ಲಿ ಜಾರುತ್ತದೆ

ನಮ್ಮ ಉದಾಹರಣೆಯಲ್ಲಿ ದಿನದ ದರ ಪೂರ್ಣ ರೂಪಾಯಿಯಲ್ಲಿತ್ತು. ಬೆಲೆ ₹10,000 ಆಗಿದ್ದರೆ ದಿನಕ್ಕೆ 27.397260… ರೂಪಾಯಿ, ಮುಗಿಯದ ದಶಮಾಂಶ. ಅದನ್ನು ₹27.40 ಎಂದು ದುಂಡಾಗಿಸಿ 365ರಿಂದ ಗುಣಿಸಿದರೆ ₹10,001 ಬರುತ್ತದೆ. ಇಲ್ಲದ ಒಂದು ರೂಪಾಯಿ ಹುಟ್ಟಿತು! 203 ದಿನಕ್ಕೆ ಹೀಗೆ ಲೆಕ್ಕ ಹಾಕಿದರೆ ₹5,562.20. ಮೊದಲು ಗುಣಿಸಿ ಕೊನೆಗೆ ಭಾಗಿಸಿದರೆ ₹5,561.64. ವ್ಯತ್ಯಾಸ 56 ಪೈಸೆ. ಒಬ್ಬರಿಗೆ ಅದು ಲೆಕ್ಕಕ್ಕಿಲ್ಲ. ಒಂದು ಲಕ್ಷ ಗ್ರಾಹಕರಿದ್ದರೆ ₹56,000. ದುಂಡಾಗಿಸುವುದನ್ನು ಕೊನೆಯ ಹೆಜ್ಜೆಗೆ ಬಿಡಬೇಕು ಎಂದು ಬಿಲ್ಲಿಂಗ್ ಪ್ರೋಗ್ರಾಂ ಬರೆಯುವವರು ಹಟ ಹಿಡಿಯುವುದು ಇದಕ್ಕೇ.

ಕಂಪ್ಯೂಟರ್‌ನ ಸ್ವಭಾವವೂ ಇಲ್ಲಿ ತೊಡಕು. ಅದು ಎಣಿಸುವುದು ಎರಡೇ ಅಂಕಿಗಳ ದ್ವಿಮಾನ ಪದ್ಧತಿಯಲ್ಲಿ. ನಮಗೆ ಮೂರರಲ್ಲೊಂದು ಭಾಗವನ್ನು ದಶಮಾಂಶದಲ್ಲಿ ಪೂರ್ತಿ ಬರೆಯಲು ಆಗದ ಹಾಗೆ, ಅದಕ್ಕೆ ಹತ್ತರಲ್ಲೊಂದು ಭಾಗವನ್ನು ಪೂರ್ತಿ ಬರೆಯಲಾಗದು. ಹಲವು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ 0.1ಕ್ಕೆ 0.2 ಕೂಡಿಸಿದರೆ ಬರುವ ಉತ್ತರ 0.30000000000000004. ಆದ್ದರಿಂದ ಒಳ್ಳೆಯ ಬಿಲ್ಲಿಂಗ್ ವ್ಯವಸ್ಥೆಗಳು ಹಣವನ್ನು ರೂಪಾಯಿ–ದಶಮಾಂಶವಾಗಿ ಇಡುವುದಿಲ್ಲ. ₹6,090 ಅಲ್ಲಿ 6,09,000 ಪೈಸೆ. ತೆರಿಗೆಯ ವಿಚಾರದಲ್ಲಿ ಕಾನೂನೇ ದಾರಿ ತೋರಿಸಿದೆ: ಕೇಂದ್ರ ಜಿಎಸ್‌ಟಿ ಕಾಯ್ದೆಯ 170ನೇ ಕಲಂ ಪ್ರಕಾರ 50 ಪೈಸೆ ಅಥವಾ ಮೇಲಿದ್ದರೆ ಮುಂದಿನ ರೂಪಾಯಿ, ಕಡಿಮೆಯಿದ್ದರೆ ಬಿಟ್ಟುಬಿಡುವುದು.

ಏರುವುದು ಸುಲಭ, ಇಳಿಯುವುದು ಕಷ್ಟ

ಬಹುತೇಕ ಕಂಪನಿಗಳು ನಡುವೆ ಏರಲು ಬಿಡುತ್ತವೆ, ಇಳಿಯಲು ಬಿಡುವುದಿಲ್ಲ. ಮೈಕ್ರೋಸಾಫ್ಟ್ ತನ್ನ ವಾಣಿಜ್ಯ ಚಂದಾಗಳಲ್ಲಿ 2022ರ ಸುಮಾರಿಗೆ ತಂದ ಪದ್ಧತಿಯಲ್ಲಿ ಬಳಕೆದಾರರ ಸಂಖ್ಯೆಯನ್ನು ಯಾವಾಗ ಬೇಕಾದರೂ ಹೆಚ್ಚಿಸಬಹುದು. ಇಳಿಸಲು ಸಿಗುವುದು ಮೊದಲ ಏಳು ದಿನ. ಆಮೇಲೆ ನವೀಕರಣದವರೆಗೆ ಕಾಯಬೇಕು. ವರ್ಷದ ಆದಾಯವನ್ನು ಮೊದಲೇ ಅಂದಾಜು ಮಾಡಲು ಮಾರುವವರಿಗೆ ಇದು ಬೇಕು. ತಾಂತ್ರಿಕ ಕಾರಣವೂ ಇದೆ: ಮೇಲಿನ ಪ್ಲಾನ್‌ನಲ್ಲಿ ತುಂಬಿಸಿಟ್ಟ ಕಡತಗಳು ಕೆಳಗಿನದರ ಮಿತಿಯೊಳಗೆ ಹಿಡಿಸದಿದ್ದರೆ ಯಾವುದನ್ನು ಅಳಿಸುವುದು?

ಏರುವಾಗ ಮರೆತುಹೋಗುವ ವಿಷಯ ಒಂದಿದೆ, ಬ್ಯಾಂಕಿಗೆ ಕೊಟ್ಟ ಸ್ವಯಂಪಾವತಿ ಒಪ್ಪಿಗೆ. 2021ರ ಅಕ್ಟೋಬರ್ 1ರಿಂದ ಜಾರಿಯಾದ ರಿಸರ್ವ್ ಬ್ಯಾಂಕ್ ನಿಯಮದಂತೆ ಕಾರ್ಡಿನಿಂದ ಪದೇಪದೇ ಹಣ ಕಡಿತವಾಗುವ ಮೊದಲು 24 ಗಂಟೆ ಮುಂಚಿತವಾಗಿ ತಿಳಿಸಬೇಕು. ಸಾಮಾನ್ಯ ಪಾವತಿಗಳಲ್ಲಿ ಒಟಿಪಿ ಇಲ್ಲದೆ ಸಾಗುವ ಮಿತಿಯನ್ನು 2022ರ ಜೂನ್‌ನಲ್ಲಿ ₹5,000ದಿಂದ ₹15,000ಕ್ಕೆ ಏರಿಸಿದರು. ನಮ್ಮ ಕಚೇರಿಯ ಹಳೆಯ ಪ್ಲಾನ್ ₹14,600. ಶೇ 18ರ ತೆರಿಗೆ ಸೇರಿದರೇ ಅದು ಮಿತಿ ದಾಟುತ್ತಿತ್ತು. ಹೊಸ ಪ್ಲಾನ್‌ನ ನವೀಕರಣ ಇನ್ನೂ ದೊಡ್ಡದು. ಒಪ್ಪಿಗೆ ಕೊಡುವಾಗ ಹಾಕಿದ ಗರಿಷ್ಠ ಮೊತ್ತಕ್ಕಿಂತ ಅದು ಹೆಚ್ಚಿದ್ದರೆ ಪಾವತಿ ಸಾಗದು. ಅಪ್‌ಗ್ರೇಡ್ ಮಾಡಿದ ದಿನವೇ ಅದನ್ನೂ ಸರಿಪಡಿಸಿಕೊಳ್ಳುವುದು ಕ್ಷೇಮ.

ಇಂದೇ ಏರಬೇಕೇ, ಏಪ್ರಿಲ್‌ವರೆಗೆ ಕಾಯಬೇಕೇ?

ದಿನದ ಲೆಕ್ಕ ಹಿಡಿಯುವ ಚಂದಾದಲ್ಲಿ ಅಪ್‌ಗ್ರೇಡ್‌ನ ಬಿಲ್ಲು ದಿನದಿಂದ ದಿನಕ್ಕೆ ಇಳಿಯುತ್ತದೆ. ನಮ್ಮ ಕಚೇರಿಗೆ ಸೆಪ್ಟೆಂಬರ್ 10ರಂದು ₹6,090, 11ರಂದು ₹6,060, ಮಾರ್ಚ್ 31ರಂದು ₹30. ಕಾದಷ್ಟೂ ಉಳಿತಾಯ ಎಂದು ಇದನ್ನು ಓದುವವರಿದ್ದಾರೆ. ನಿಜದಲ್ಲಿ ಕಾದ ಪ್ರತಿ ದಿನ ಒಂದು ದಿನದ ಸೌಲಭ್ಯ ಬಿಟ್ಟು ₹30 ಉಳಿಸುತ್ತೇವೆ, ಅಷ್ಟೇ. ಕೊಡಿಯಾಲ್‌ಬೈಲಿನ ಕಚೇರಿಗಾಗಲಿ, ಮನೆಯಲ್ಲೇ ಕುಳಿತು ಡಿಸೈನ್ ಮಾಡುವವರಿಗಾಗಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಹೆಚ್ಚುವರಿ ಸೌಲಭ್ಯದಿಂದ ನನಗೆ ದಿನಕ್ಕೆ ಮೂವತ್ತು ರೂಪಾಯಿಗಿಂತ ಹೆಚ್ಚಿನ ಕೆಲಸ ಸಾಗುತ್ತದೆಯೇ? ಹೌದಾದರೆ ಇಂದೇ ಏರುವುದು ಸರಿ. ಇಲ್ಲವಾದರೆ ಏಪ್ರಿಲ್‌ನಲ್ಲೂ ಅದು ಬೇಕಾಗುವುದಿಲ್ಲ.