ಹಳೆಯ ಲ್ಯಾಪ್‌ಟಾಪ್‌ನಲ್ಲೇ ಊರಿನ ಮದುವೆ ವಿಡಿಯೊ

ದುಬೈ, ಶಾರ್ಜಾಗಳಲ್ಲಿ ದುಡಿಯುವ ನಮಗೆ ಒಮ್ಮೊಮ್ಮೆ ತಂಗಿಯ ಮದುವೆಗೂ ರಜೆ ಸಿಗುವುದಿಲ್ಲ. ಊರಿನವರು ಮೊಬೈಲ್‌ನಲ್ಲಿ ಹಿಡಿದ ವಿಡಿಯೊಗಳೇ ನಮ್ಮ ಪಾಲಿನ ಮದುವೆ. ದಿಬ್ಬಣ, ಧಾರೆ, ಊಟದ ಪಂಕ್ತಿಗಳನ್ನು ಚೆಂದವಾಗಿ ಜೋಡಿಸೋಣವೆಂದು ವಾರದ ರಜೆಯಂದು ಕುಳಿತರೆ ಹಳೆಯ ಲ್ಯಾಪ್‌ಟಾಪ್ ತಡವರಿಸುತ್ತದೆ. ಹೊಸದನ್ನು ಕೊಂಡರೆ ಮನೆಗೆ ಕಳುಹಿಸುವ ಹಣಕ್ಕೆ ಕತ್ತರಿ.

ಹೊಸದು ಬೇಕಿಲ್ಲ. 4ಕೆ ವಿಡಿಯೊದ ಪ್ರತಿ ಫ್ರೇಮ್‌ನಲ್ಲಿ 3840×2160, ಅಂದರೆ ಸುಮಾರು 83 ಲಕ್ಷ ಪಿಕ್ಸೆಲ್‌ಗಳಿರುತ್ತವೆ. ಜಾಗ ಉಳಿಸಲು ಮೊಬೈಲ್ ಹೆಚ್ಚಿನ ಫ್ರೇಮ್‌ಗಳಲ್ಲಿ ಬದಲಾದ ಭಾಗವನ್ನಷ್ಟೇ ದಾಖಲಿಸುತ್ತದೆ. ಅದನ್ನು ಮತ್ತೆ ಪೂರ್ಣಚಿತ್ರವಾಗಿಸುವುದೇ ಲ್ಯಾಪ್‌ಟಾಪ್‌ಗೆ ಭಾರ.

ಇದಕ್ಕೆ ಉಪಾಯ ‘ಪ್ರಾಕ್ಸಿ’, ಅಂದರೆ ಅದೇ ವಿಡಿಯೊದ ಸಣ್ಣ ಪ್ರತಿ. 1280×720 ಪ್ರತಿಯಲ್ಲಿ ಪಿಕ್ಸೆಲ್‌ಗಳು ಒಂಬತ್ತನೇ ಒಂದು ಪಾಲು ಮಾತ್ರ. ಕತ್ತರಿಸುವುದು, ಜೋಡಿಸುವುದು ಇದರ ಮೇಲೆ. ಕೊನೆಗೆ ಎಕ್ಸ್‌ಪೋರ್ಟ್ ಮಾಡುವಾಗ ತಂತ್ರಾಂಶ ಮೂಲ ವಿಡಿಯೊವನ್ನೇ ಬಳಸುತ್ತದೆ. ಉಚಿತವಾಗಿ ಸಿಗುವ ಶಾಟ್‌ಕಟ್, ಕೆಡೆನ್‌ಲೈವ್‌ಗಳಲ್ಲಿ ಈ ಸೌಲಭ್ಯವಿದೆ. ಪ್ರಾಕ್ಸಿ ತಯಾರಿ ಮತ್ತು ಎಕ್ಸ್‌ಪೋರ್ಟ್ ನಿಧಾನ. ಎರಡನ್ನೂ ರಾತ್ರಿ ಹಚ್ಚಿಟ್ಟು ಮಲಗಿದರಾಯಿತು.

ಊರಿನಲ್ಲಿರುವ ನಿಮ್ಮಲ್ಲಿ ಎರಡೇ ಕೋರಿಕೆ. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯವಾಗಿ ಕಳುಹಿಸಿದ ವಿಡಿಯೊದ ಗುಣಮಟ್ಟ ಕುಗ್ಗುತ್ತದೆ. ಆದ್ದರಿಂದ ‘ಡಾಕ್ಯುಮೆಂಟ್’ ಆಗಿ ಕಳುಹಿಸಿ. 2 ಜಿಬಿವರೆಗಿನ ಕಡತ ಹೋಗುತ್ತದೆ. ನಮಗೆ ತಲುಪಿದೆ ಎನ್ನುವವರೆಗೆ ಫೋನ್‌ನಿಂದ ಅಳಿಸಬೇಡಿ. ಪ್ರಾಕ್ಸಿಯನ್ನು ಎಷ್ಟು ಸಲ ಬೇಕಾದರೂ ಮಾಡಿಕೊಳ್ಳಬಹುದು. ಅಪ್ಪ-ಅಮ್ಮ ಧಾರೆ ಎರೆದ ಮೂಲ ದೃಶ್ಯ ಮಾತ್ರ ಮತ್ತೆ ಸಿಗದು.