ಮುರಕಲ್ಲಿನ ಅಡಿಯ ಮುದಿಬಂಡೆ

ಪ್ರಶ್ನೆ: ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಬಾವಿ ತೋಡುವಾಗ ಆಳದಲ್ಲಿ ಸಿಗುವ ಪಟ್ಟೆಪಟ್ಟೆ ಶಿಲೆಕಲ್ಲು ಹೇಗೆ ಹುಟ್ಟಿತು?

ಉತ್ತರ: ಮೇಲೆ ಮುರಕಲ್ಲು, ಅದರಡಿ ಶೇಡಿಮಣ್ಣು, ಆಮೇಲೆ ಗಟ್ಟಿ ಬಂಡೆ. ಈ ಬಂಡೆ ಹೆಚ್ಚಿನ ಕಡೆ ನೈಸ್ ಶಿಲೆ. ಮುರಕಲ್ಲೂ ಬಹುಪಾಲು ಇಂಥ ಬಂಡೆಯೇ ಮಳೆ-ಬಿಸಿಲಿಗೆ ಕೊಳೆತು ಆದದ್ದು. ಕರಾವಳಿಯ ಈ ನೆಲ ಧಾರವಾಡ ಕ್ರೇಟಾನ್ ಎಂಬ ಪುರಾತನ ಭೂಖಂಡದ ಪಶ್ಚಿಮ ಅಂಚು. ಇದೇ ಕ್ರೇಟಾನಿನ ಹಾಸನ ಜಿಲ್ಲೆಯ ಗೊರೂರಿನ ನೈಸ್‌ಗೆ ಸುಮಾರು 330 ಕೋಟಿ ವರ್ಷ!

ಆಗ ಭೂಮಿಯ ಒಡಲು ಈಗಿನದಕ್ಕಿಂತ ಬಿಸಿ. ಲಾವಾ ಉಕ್ಕಿ ದಪ್ಪನೆಯ ಕಪ್ಪು ಬಸಾಲ್ಟ್ ಕವಚವಾಯಿತು. ಅದರ ತಳ ಅರೆಬರೆ ಕರಗಿದಾಗ ಸಿಲಿಕಾ ಹೆಚ್ಚಿರುವ ಹಗುರ ಶಿಲಾರಸ ಮೇಲೇರಿ ಹೆಪ್ಪುಗಟ್ಟಿತು. ಖಂಡಗಳ ಮೊದಲ ತಳಪಾಯ ಅದೇ. ಕರಗಿಸಿದ್ದು ಭೂಫಲಕಗಳು ಒಂದರಡಿ ಒಂದು ಜಾರಿದ್ದೋ, ಕವಚದ ದಪ್ಪವೋ ಎಂಬ ವಾದ ಇನ್ನೂ ಮುಗಿದಿಲ್ಲ.

ಮುಂದಿನದು ಇನ್ನೂ ಸ್ವಾರಸ್ಯಕರ. ಮೇಲಿದ್ದ ಭಾರದ ಲಾವಾಪದರಗಳು ಕುಸಿದವು, ಕೆಳಗಿನ ಹಗುರ, ಮೆತ್ತನೆಯ ಶಿಲೆ ಗುಮ್ಮಟದಂತೆ ಉಬ್ಬಿತು. ಹೊಳೆನರಸೀಪುರದ ಸುತ್ತ ಈ ವಿನ್ಯಾಸವನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಆ ಒತ್ತಡದಲ್ಲಿ ಖನಿಜಗಳು ಸಾಲುಗಟ್ಟಿದವು: ಬಿಳಿ ಗೆರೆಯಲ್ಲಿ ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್; ಕಪ್ಪು ಗೆರೆಯಲ್ಲಿ ಬಯೊಟೈಟ್, ಹಾರ್ನ್‌ಬ್ಲೆಂಡ್. ಗೆರೆಗಳು ಹಾವಿನಂತೆ ಬಳುಕಿದ್ದರೆ, ಬಂಡೆ ಬಿಸಿಯಲ್ಲಿ ಮಡಚಿಕೊಂಡಿದೆ ಎಂದೇ ಅರ್ಥ.

1916ರಲ್ಲಿ ಭೂವಿಜ್ಞಾನಿ ಡಬ್ಲ್ಯು. ಎಫ್. ಸ್ಮೀತ್ ಈ ಪಟ್ಟೆಶಿಲೆಗೆ ‘ಪೆನಿನ್ಸುಲಾರ್ ನೈಸ್’ ಎಂದು ಹೆಸರಿಟ್ಟರು. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಇದೇ ಬಳಗದ್ದು. ಬ್ರಹ್ಮಾವರಕ್ಕೆ ಹತ್ತಿರದ ಸೇಂಟ್ ಮೇರೀಸ್ ದ್ವೀಪದ ಕಂಬಶಿಲೆಗಳಿಗಾದರೋ ಸುಮಾರು 9 ಕೋಟಿ ವರ್ಷವಷ್ಟೇ. ಅವು ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದವು.