ಮೂರನೇ ವಾರದ ಪಾಠ

ಮನೆಯಲ್ಲೇ ಗೊಬ್ಬರ ಮಾಡುವುದನ್ನು ಹೇಳಿಕೊಡುವ ಶಿಬಿರಗಳಲ್ಲಿ ಮೊದಲು ಏಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ವಾಸನೆ ಬರಲ್ವಾ?’ ಅದರ ಬೆನ್ನಿಗೇ ಎರಡನೆಯದು: ‘ಹುಳ ಆಗಲ್ವಾ?’ ಹೊಸದಾಗಿ ಪಾಠ ಹೇಳುವವರು ಉತ್ಸಾಹದಲ್ಲಿ ‘ಏನೂ ಬರಲ್ಲ, ಏನೂ ಆಗಲ್ಲ’ ಎಂದುಬಿಡುತ್ತಾರೆ. ಪಳಗಿದವರು ಹಾಗನ್ನುವುದಿಲ್ಲ. ‘ಒಂದಲ್ಲ ಒಂದು ದಿನ ಬರುತ್ತೆ. ಬಂದಾಗ ಏನು ಮಾಡಬೇಕು ಅನ್ನೋದನ್ನೇ ಇವತ್ತು ಕಲಿಯೋಣ’ ಎನ್ನುತ್ತಾರೆ. ಆರು ತಿಂಗಳಾದ ಮೇಲೂ ಎಷ್ಟು ಮನೆಯ ಡಬ್ಬಿ ಬಳಕೆಯಲ್ಲಿರುತ್ತದೆ, ಎಷ್ಟು ಅಟ್ಟ ಸೇರುತ್ತದೆ ಎಂಬುದು ಈ ಎರಡು ಉತ್ತರಗಳಲ್ಲಿ ಯಾವುದು ಸಿಕ್ಕಿತು ಎಂಬುದರ ಮೇಲೆ ನಿಂತಿದೆ.

ಇಂಥ ಪಾಠವನ್ನು ದೊಡ್ಡ ಊರೊಂದು ಕಲಿಯಲು ಹೊರಟ ಉದಾಹರಣೆ ಬೇಕಿದ್ದರೆ ಬೆಂಗಳೂರನ್ನು ನೋಡಬೇಕು. ಕಲಿತದ್ದು ಪ್ರೀತಿಯಿಂದಲ್ಲ, ಕಟ್ಟಿಗೆ ಬಿದ್ದು. 2012ರಲ್ಲಿ ಮಾವಳ್ಳಿಪುರದ ಕಸದ ತಾಣ ಮುಚ್ಚಿದಾಗ ನಗರದ ರಸ್ತೆಗಳ ಅಂಚಿನಲ್ಲೇ ಕಸ ಕೊಳೆಯಿತು. ನಗರದ ಕಸ ಬೀಳುತ್ತಿದ್ದ ಇನ್ನೊಂದು ಊರಾದ ಮಂಡೂರಿನವರು ಲಾರಿಗಳನ್ನು ತಡೆದು ಕೂತ ಮೇಲೆ, 2014ರ ಕೊನೆಗೆ ಅಲ್ಲಿಗೂ ಕಸ ಹೋಗುವುದು ನಿಂತಿತು. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎರಡು ಡಬ್ಬಿ, ಒಂದು ಚೀಲದ ಪದ್ಧತಿಯನ್ನು ಕಡ್ಡಾಯ ಮಾಡಿತು: ಹಸಿರು ಡಬ್ಬಿಗೆ ಅಡುಗೆಮನೆಯ ಹಸಿ ಕಸ, ಕೆಂಪು ಡಬ್ಬಿಗೆ ಡೈಪರ್, ಪ್ಯಾಡಿನಂಥವು, ಚೀಲಕ್ಕೆ ಒಣ ಕಸ. ಮರುವರ್ಷ ಸಾಲಿಡ್ ವೇಸ್ಟ್ ಮ್ಯಾನೇಜ್‌ಮೆಂಟ್ ರೌಂಡ್ ಟೇಬಲ್ ಎಂಬ ನಾಗರಿಕರ ಗುಂಪು ‘ಸ್ವಚ್ಛಾಗ್ರಹ’ ಅಭಿಯಾನ ಶುರುಮಾಡಿತು. ಗೊಬ್ಬರ ಮಾಡಿ, ಅದರಲ್ಲಿ ಬೆಳೆಯಿರಿ, ಬೆಳೆದದ್ದನ್ನು ಅಡುಗೆ ಮಾಡಿ ಎಂಬ ಮೂರೇ ಮಾತು. ಹಿಂದಿನ ಲೆಕ್ಕಾಚಾರ ಸರಳ. ಮನೆಯ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹಸಿ ಕಸ. ಅದು ಮನೆಯಲ್ಲೇ ಉಳಿದರೆ ಲಾರಿ ಹೊರುವ ಭಾರ ಅರ್ಧಕ್ಕಿಳಿಯುತ್ತದೆ, ಉಳಿದದ್ದರಲ್ಲಿ ಒಣ ಕಸ ನಾರದೆ ಮರುಬಳಕೆಗೆ ಹೋಗುತ್ತದೆ.

ಗೊಬ್ಬರವೇನೂ ಈ ಊರಿಗೆ ಹೊಸ ವಿದ್ಯೆಯಲ್ಲ. 1939ರಲ್ಲಿ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ರೂಪಿಸಿದ ಕ್ರಮಕ್ಕೆ ಕೃಷಿ ಪಠ್ಯಗಳಲ್ಲಿ ಇಂದಿಗೂ ‘ಬೆಂಗಳೂರು ವಿಧಾನ’ ಎಂದೇ ಹೆಸರು. ಪಟ್ಟಣದ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರ ಪದರವಾಗಿ ಹಾಕಿ, ಮೇಲೆ ಮಣ್ಣು ಮೆತ್ತಿ, ತಿಂಗಳುಗಟ್ಟಲೆ ಹಾಗೇ ಬಿಡುವುದು. ಅದಕ್ಕೂ ಮುಂಚೆ ಆಲ್ಬರ್ಟ್ ಹೋವರ್ಡ್ ಇಂದೋರಿನಲ್ಲಿ ರೂಪಿಸಿದ್ದ ಕ್ರಮದಲ್ಲಿ ರಾಶಿಯನ್ನು ಆಗಾಗ ತಿರುವಿ ಗಾಳಿಯಾಡಿಸಬೇಕಿತ್ತು. ಇಂದೋರಿನದರಲ್ಲಿ ದುಡಿಮೆ ಹೆಚ್ಚು, ಬೇಗ ಮುಗಿಯುತ್ತದೆ. ಬೆಂಗಳೂರಿನದರಲ್ಲಿ ದುಡಿಮೆ ಕಡಿಮೆ, ಕಾಯುವುದು ಹೆಚ್ಚು. ತಮಾಷೆಯೆಂದರೆ, ಇವತ್ತು ಬೆಂಗಳೂರಿನ ಬಾಲ್ಕನಿಗಳಲ್ಲಿ ಇರುವ ಡಬ್ಬಿಗಳು ಬಹುಪಾಲು ಇಂದೋರಿನ ಕಡೆಯವು. ಗುಂಡಿ ತೋಡಿ ಮಣ್ಣು ಮೆತ್ತಿ ಬಿಡಲು ಮೂರನೇ ಮಹಡಿಯಲ್ಲಿ ಜಾಗವೆಲ್ಲಿ?

ಗಾಳಿ ಇದೆಯೋ ಇಲ್ಲವೋ ಎಂಬುದೇ ವಾಸನೆಯ ಪ್ರಶ್ನೆಗೂ ಉತ್ತರ. ಡಬ್ಬಿಯೊಳಗೆ ಕೆಲಸ ಮಾಡುವುದು ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳು. ಗಾಳಿ ಸಿಕ್ಕರೆ ಅವು ಕಸವನ್ನು ಇಂಗಾಲದ ಡೈಆಕ್ಸೈಡ್, ನೀರಾವಿ ಮತ್ತು ಬಿಸಿಯಾಗಿ ಕಳೆದು, ಉಳಿದದ್ದನ್ನು ಗೊಬ್ಬರವಾಗಿಸುತ್ತವೆ. ಗಾಳಿ ಇಲ್ಲದ ಕಡೆ ಬೇರೆ ಜಾತಿಯ ಸೂಕ್ಷ್ಮಾಣುಗಳು ಮೇಲುಗೈ ಪಡೆದು ಕೊಳೆತ ಮೊಟ್ಟೆಯ ನಾತ ಹಬ್ಬಿಸುತ್ತವೆ. ಹಾಗಾದರೆ ಗಾಳಿಯನ್ನು ತಡೆಯುವುದು ಯಾವುದು? ಮುಚ್ಚಳವಲ್ಲ, ನೀರು. ತರಕಾರಿ ಸಿಪ್ಪೆಯ ತೂಕದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರೇ ಇರುತ್ತದೆ. ಸಿಪ್ಪೆ ಮೆತ್ತಗಾಗುತ್ತಿದ್ದಂತೆ ಆ ನೀರು ಹೊರಬಂದು ಸಂದುಗಳನ್ನೆಲ್ಲ ತುಂಬಿಕೊಳ್ಳುತ್ತದೆ.

ಆದ್ದರಿಂದ ಈ ವಿದ್ಯೆಯ ನಿಜವಾದ ಸಾಮಗ್ರಿ ಹಸಿ ಕಸವಲ್ಲ, ತರಗೆಲೆ. ಒಣ ಎಲೆ ನೀರು ಹೀರುತ್ತದೆ, ಗಾಳಿಗೆ ಸಂದು ಕೊಡುತ್ತದೆ, ಜೊತೆಗೆ ಇಂಗಾಲ ಒದಗಿಸುತ್ತದೆ. ಸೂಕ್ಷ್ಮಾಣುಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ಅಡುಗೆಮನೆಯ ಕಸದಲ್ಲಿ ಇಂಗಾಲ ಸಾಮಾನ್ಯವಾಗಿ ಅಷ್ಟಿರುವುದಿಲ್ಲ, ಒಣ ಎಲೆಯಲ್ಲಿ ಅದಕ್ಕಿಂತ ಬಹಳ ಹೆಚ್ಚಿರುತ್ತದೆ. ಎರಡನ್ನೂ ಸೇರಿಸಿದರೆ ಲೆಕ್ಕ ಸರಿಹೋಗುತ್ತದೆ. ಮನೆಯವರಿಗೆ ಈ ಅನುಪಾತ ಹೇಳಿ ತಲೆ ತಿನ್ನಬೇಕಿಲ್ಲ. ಒಂದು ಬಟ್ಟಲು ಕಸಕ್ಕೆ ಒಂದು ಬಟ್ಟಲು ಪುಡಿ ಮಾಡಿದ ತರಗೆಲೆ, ಕೊನೆಗೆ ಮೇಲೆ ತರಕಾರಿ ಕಾಣದಷ್ಟು ಮುಚ್ಚಿಗೆ. ಇಷ್ಟು ಹೇಳಿದರೆ ಸಾಕು. ಎಲೆ ಸಿಗದಿದ್ದರೆ ತೆಂಗಿನ ನಾರಿನ ಪುಡಿ, ಅಂದರೆ ಕೊಕೊಪೀಟ್, ಅಥವಾ ಮರದ ಹೊಟ್ಟು. ಆದರೆ ಎಲೆ ಪುಕ್ಕಟೆ, ಅವೆರಡಕ್ಕೂ ದುಡ್ಡು ಕೊಡಬೇಕು. ದುಡ್ಡು ಕೊಟ್ಟು ತಂದದ್ದನ್ನು ಜನ ಜಿಪುಣತನದಿಂದ ಹಾಕುತ್ತಾರೆ, ಅಲ್ಲಿಗೆ ನಾತ ಶುರು.

ಉಳಿದ ವಿಧಾನ ಹೆಚ್ಚೇನಿಲ್ಲ. ಸುತ್ತಲೂ ತೂತು ಕೊರೆದ 20 ಲೀಟರಿನ ಬಣ್ಣದ ಡಬ್ಬಿಯೂ ನಡೆಯುತ್ತದೆ. ತಳದಲ್ಲಿ ಎರಡು ಮೂರು ಇಂಚು ಎಲೆ. ಅದರ ಮೇಲೆ ನೀರು ಬಸಿದ, ಸಣ್ಣಗೆ ಹೆಚ್ಚಿದ ಕಸ. ಆರಂಭಕ್ಕೆ ಒಂದು ಹಿಡಿ ಹಳೆಯ ಗೊಬ್ಬರ, ಅದಿಲ್ಲದಿದ್ದರೆ ಸ್ವಲ್ಪ ಸಗಣಿ ಅಥವಾ ನೀರು ಬೆರೆಸಿದ ಹುಳಿ ಮಜ್ಜಿಗೆ. ಎರಡು ಮೂರು ದಿನಕ್ಕೊಮ್ಮೆ ಕೋಲಿನಿಂದ ಕೆದಕಬೇಕು. ಒಂದು ಡಬ್ಬಿ ತುಂಬಿದರೆ ಪಕ್ಕಕ್ಕಿಟ್ಟು ಇನ್ನೊಂದಕ್ಕೆ ಹಾಕುತ್ತ ಹೋಗುವುದು; ಎರಡನೆಯದು ತುಂಬುವ ಹೊತ್ತಿಗೆ ಮೊದಲನೆಯದು ಬಹುಪಾಲು ಮಾಗಿರುತ್ತದೆ. ಡೈಲಿ ಡಂಪ್ ಸಂಸ್ಥೆಯನ್ನು 2006ರಲ್ಲಿ ಕಟ್ಟಿದ ಪೂನಂ ಬೀರ್ ಕಸ್ತೂರಿ ಈ ಸರದಿಯನ್ನೇ ಮೂರು ಮಡಕೆಗಳ ‘ಖಂಬಾ’ ಆಗಿ ಮಾಡಿದರು. ಮಣ್ಣಿನ ಮಡಕೆ ಹೆಚ್ಚಿನ ತೇವವನ್ನು ತಾನೇ ಹೀರಿಕೊಳ್ಳುತ್ತದೆ ಎಂಬುದು ಅದರ ಜಾಣ್ಮೆ. ಬೇರೆ ಊರಿನವರು ಅದೇ ವಿನ್ಯಾಸವನ್ನು ತಮ್ಮ ಕುಂಬಾರರಿಂದ ಮಾಡಿಸಿಕೊಳ್ಳಲು ಅವರು ಬಿಟ್ಟುಕೊಟ್ಟದ್ದು ಈ ಪಾಠ ಹರಡಲು ನೆರವಾಯಿತು.

ಏನು ಹಾಕಬಾರದು ಎಂಬ ಪಟ್ಟಿಗಳನ್ನು ಮಾತ್ರ ನಾನು ಪೂರ್ತಿ ನಂಬುವುದಿಲ್ಲ. ನಿಂಬೆ ಸಿಪ್ಪೆ, ಈರುಳ್ಳಿ ಸಿಪ್ಪೆ ಬೇಡವೆನ್ನುವವರಿದ್ದಾರೆ. ಚೂರು ಮಾಡಿ ಹಾಕಿದರೆ ಎರಡೂ ಕರಗುತ್ತವೆ. ಮಿಕ್ಕ ಅನ್ನವನ್ನು ಉದುರುದುರಾಗಿ, ಎಲೆಯ ಜೊತೆ ಹಾಕಬಹುದು. ಮುದ್ದೆಯಾಗಿ ಹಾಕಿದರೆ ಮುದ್ದೆಯಾಗಿಯೇ ಹುಳಿಯುತ್ತದೆ. ತೆಂಗಿನ ಚಿಪ್ಪು, ಮಾವಿನ ಓಟೆ ಕರಗಲು ಕಾಲ ಬಹಳ ಬೇಕು. ಎಣ್ಣೆ, ಸಾರು, ಮಾಂಸದ ಚೂರುಗಳನ್ನು ಮೊದಲ ಸುತ್ತಿನಲ್ಲಿ ದೂರ ಇಡುವುದು ಒಳ್ಳೆಯದು.

ಈಗ ಮೂರನೇ ವಾರ. ಮೊದಲ ದಿನ ಎಲ್ಲರ ಡಬ್ಬಿಯೂ ಚೆನ್ನಾಗಿಯೇ ಇರುತ್ತದೆ. ಅರ್ಧ ತುಂಬುತ್ತ ಬಂದ ಹಾಗೆ ಕೆಳಗಿನ ಪದರ ಒತ್ತಿಕೊಂಡು, ನೀರು ಇಳಿದು, ಕೆದಕಲು ಉದಾಸೀನವಾಗಿ, ಒಂದು ಬೆಳಿಗ್ಗೆ ಮುಚ್ಚಳ ತೆಗೆದವರು ಹಿಂದೆ ಸರಿಯುತ್ತಾರೆ. ಹೆಚ್ಚಿನವರು ಕೈಬಿಡುವುದು ಇಲ್ಲೇ. ಶಿಬಿರ ನಡೆಸಿ, ಫೋಟೋ ತೆಗೆಸಿ, ಪ್ರಮಾಣಪತ್ರ ಕೊಟ್ಟು ಹೋದವರು ಅಷ್ಟು ಹೊತ್ತಿಗೆ ಬೇರೆ ಬಡಾವಣೆಯಲ್ಲಿರುತ್ತಾರೆ. ಸಮುದಾಯಕ್ಕೆ ಕಲಿಸುವವರು ಒಂದೇ ದಿನ ಬರಲು ಸಾಧ್ಯವೆಂದಾದರೆ, ಆ ದಿನ ಮೊದಲನೆಯದಾಗುವುದಕ್ಕಿಂತ ಮೂರನೇ ವಾರದ ಈ ದಿನವಾಗುವುದು ಮೇಲು.

ಆಗ ಹೇಳಬೇಕಾದದ್ದು ಮೂಗಿನ ಪಾಠ. ಕೊಳೆತ ಮೊಟ್ಟೆಯ ನಾತ ಬಂದರೆ ನೀರು ಹೆಚ್ಚಾಗಿ ಗಾಳಿ ಕಡಿಮೆಯಾಗಿದೆ: ಪೂರ್ತಿ ಹೊರಕ್ಕೆ ಸುರುವಿ, ಎಲೆ ಬೆರೆಸಿ, ಮತ್ತೆ ತುಂಬಿ. ಮೂಗಿಗೆ ಚುಚ್ಚುವ ಅಮೋನಿಯಾದ ವಾಸನೆ ಬಂದರೆ ಸಾರಜನಕ ಹೆಚ್ಚಾಗಿದೆ: ಮದ್ದು ಇದಕ್ಕೂ ಎಲೆಯೇ. ವಾಸನೆಯೂ ಇಲ್ಲ, ಕರಗುವುದೂ ಇಲ್ಲ ಎಂದರೆ ಒಣಗಿದೆ: ನೀರು ಚಿಮುಕಿಸಿ. ತೇವ ಎಷ್ಟಿರಬೇಕೆಂದರೆ, ಒಂದು ಹಿಡಿ ತೆಗೆದು ಬಲವಾಗಿ ಹಿಂಡಿದಾಗ ಕೈ ಒದ್ದೆಯಾಗಬೇಕು, ನೀರು ಧಾರೆಯಾಗಿ ಇಳಿಯಬಾರದು.

ಹುಳುಗಳ ವಿಚಾರ ಕಷ್ಟದ್ದು, ಏಕೆಂದರೆ ಇದು ಅಸಹ್ಯದ ಪ್ರಶ್ನೆ, ವಿಜ್ಞಾನದ್ದಲ್ಲ. ಬೆಂಗಳೂರಿನ ಡಬ್ಬಿಗಳಲ್ಲಿ ಕಾಣುವ, ಬೆರಳಿನ ಗೆಣ್ಣಿಗಿಂತ ಸ್ವಲ್ಪ ಚಿಕ್ಕದಾದ, ಬೂದು ಬಣ್ಣದ ದಪ್ಪ ಹುಳುಗಳು ಬಹುಮಟ್ಟಿಗೆ ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಗಳು. ಅವು ಕಸವನ್ನು ಸೂಕ್ಷ್ಮಾಣುಗಳಿಗಿಂತ ಬೇಗ ತಿಂದು ಮುಗಿಸುತ್ತವೆ, ಮನೆನೊಣಗಳು ಬೆಳೆಯದಂತೆ ತಡೆಯುತ್ತವೆ. ಬೆಳೆದ ನೊಣ ಕಚ್ಚುವುದಿಲ್ಲ, ನಮ್ಮ ತಟ್ಟೆಯ ಮೇಲೆ ಕೂರುವ ಚಟವೂ ಅದಕ್ಕಿಲ್ಲ. ಇದನ್ನೆಲ್ಲ ಹೇಳಿ ಒಪ್ಪಿಸಲಾಗುವುದಿಲ್ಲ, ತೋರಿಸಬೇಕು. ಪಕ್ಕದ ಮನೆಯ ಆಂಟಿ ಬರಿಗೈಯಲ್ಲಿ ಡಬ್ಬಿ ಕೆದಕುವುದನ್ನು ಒಮ್ಮೆ ಕಂಡವರಿಗೆ ಬೇರೆ ಸಮಾಧಾನ ಬೇಡ. ಅಷ್ಟಾಗಿಯೂ ಹುಳು ಬೇಡವೆನ್ನುವವರು ಎಲೆ ಹೆಚ್ಚಿಸಿ ಡಬ್ಬಿಯನ್ನು ಒಣಗಿಸಿದರೆ ಅವು ಜಾಗ ಖಾಲಿ ಮಾಡುತ್ತವೆ.

ತೋರಿಸಿ ಕಲಿಸುವ ಜಾಗಗಳೂ ಇವೆ. ಎಚ್‌ಎಸ್‌ಆರ್ ಬಡಾವಣೆಯ ಪಕ್ಕದಲ್ಲೇ 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮದ ಘಟಕವಿದೆ. ನಗರದ ಬೆರಕೆ ಕಸ ಒಂದೆಡೆ ಬಂದು ಬಿದ್ದರೆ ಏನಾಗುತ್ತದೆ ಎಂಬುದನ್ನು ಸುತ್ತಲಿನವರು ವರ್ಷಗಟ್ಟಲೆ ಮೂಗಿನಲ್ಲೇ ಅರಿತಿದ್ದಾರೆ. ಅದೇ ಬಡಾವಣೆಯಲ್ಲಿ ‘ಸ್ವಚ್ಛಾಗ್ರಹ ಕಲಿಕಾ ಕೇಂದ್ರ’ ತೆರೆದದ್ದು ಕಾಕತಾಳೀಯವಿರಲಾರದು. ಮಡಕೆ, ಡ್ರಮ್ಮು, ಬುಟ್ಟಿ, ಜಾಲರಿ, ಎರೆಹುಳುವಿನ ತೊಟ್ಟಿ ಹೀಗೆ ಹಲವು ಬಗೆಯ ಸಾಧನಗಳು ಅಲ್ಲಿ ಕೆಲಸ ಮಾಡುತ್ತಲೇ ಇರುತ್ತವೆ. ಮುಚ್ಚಳ ತೆಗೆದು ಮೂಸಿ ನೋಡಬಹುದು. ಬಡಾವಣೆಗಳಲ್ಲಿ ನಡೆದ ‘ಕಾಂಪೋಸ್ಟ್ ಸಂತೆ’ಗಳ ಹಿಂದಿದ್ದದ್ದೂ ಇದೇ ಉಪಾಯ. ಡಬ್ಬಿ ಮಾರುವವರ ಪಕ್ಕದಲ್ಲೇ ಅದನ್ನು ಬಳಸುತ್ತಿರುವವರೂ ನಿಂತರೆ ಕೊಳ್ಳುವವರಿಗೆ ಧೈರ್ಯ.

ಇಂಥ ಪಾಠಗಳಲ್ಲಿ ಒಂದು ಕೊರತೆ ಮೇಲಿಂದ ಮೇಲೆ ಕಾಣುತ್ತದೆ. ಶಿಬಿರಕ್ಕೆ ಬರುವುದು ಮನೆಯ ಯಜಮಾನರೋ ಯಜಮಾನಿಯೋ. ಕಸ ಮುಟ್ಟುವುದು ಮನೆಗೆಲಸಕ್ಕೆ ಬರುವಾಕೆ. ಆಕೆಗೆ ಹೇಳಿಕೊಡದೆ, ಆಕೆಯ ಸಂಬಳವನ್ನೂ ಹೆಚ್ಚಿಸದೆ ಈ ಕೆಲಸವನ್ನು ತಲೆಗೆ ಕಟ್ಟಿದರೆ, ಆಕೆ ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದರೆ ತಪ್ಪು ಯಾರದು? ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸದವರಿಗೂ ಕಸ ವಿಂಗಡಿಸುವ ಸಿಬ್ಬಂದಿಗೂ, ಅವರವರ ಭಾಷೆಯಲ್ಲಿ, ಅವರ ಕೆಲಸದ ಹೊತ್ತಿನೊಳಗೇ ಪಾಠ ನಡೆಯಬೇಕು. ಕಸ ಮುಟ್ಟುವುದು ಇನ್ನೊಬ್ಬರ ಕೆಲಸವೆಂಬ ನಮ್ಮ ಹಳೆಯ ಚಾಳಿ ಇಲ್ಲಿ ನೇರವಾಗಿ ಎದುರಾಗುತ್ತದೆ. 2016ರ ಘನತ್ಯಾಜ್ಯ ನಿಯಮಗಳು 5,000 ಚದರ ಮೀಟರಿಗಿಂತ ದೊಡ್ಡ ವಸತಿ ಸಮುಚ್ಚಯಗಳು ಹಸಿ ಕಸವನ್ನು ಆದಷ್ಟೂ ಆವರಣದೊಳಗೇ ಸಂಸ್ಕರಿಸಬೇಕು ಎಂದವು. ಹಾಗೆಂದು ಕೊಂಡ ದುಬಾರಿ ಯಂತ್ರಗಳೂ ನಿಲ್ಲುವುದು ಎಲೆ ಬೆರೆಸುವವರು ರಜೆ ಹಾಕಿದ ದಿನವೇ.

ಗೊಬ್ಬರ ಮಾಡಲು ಕಲಿಸಿ ಕೈತೋಟ ಕಲಿಸದಿದ್ದರೆ ಪಾಠ ಅರ್ಧಕ್ಕೆ ನಿಲ್ಲುತ್ತದೆ. ಮೂರು ತಿಂಗಳಿಗೆ ಕೆಲವು ಕಿಲೋ ಕಪ್ಪು ಪುಡಿ ಕೈಗೆ ಬಂದಾಗ ‘ಇದನ್ನೇನು ಮಾಡಲಿ?’ ಎಂಬ ಪ್ರಶ್ನೆ ಏಳುತ್ತದೆ. ತಾರಸಿ ತೋಟದ ಪಾಠವನ್ನು ಬೆಂಗಳೂರಿನಲ್ಲಿ ಬಹಳ ಮೊದಲೇ ಶುರುಮಾಡಿದವರು ಕೃಷಿ ವಿಜ್ಞಾನಿ ಡಾ. ಬಿ.ಎನ್. ವಿಶ್ವನಾಥ್. 2011ರಿಂದ ನಡೆದ ‘ಊಟ ಫ್ರಮ್ ಯುವರ್ ತೋಟ’ ಕೂಟಗಳಲ್ಲಿ ಬೀಜ, ಸಸಿ, ಗೊಬ್ಬರದ ಜೊತೆಗೆ ಅನುಭವವೂ ಕೈ ಬದಲಾಯಿಸಿತು.

ತೋಟಕ್ಕೆ ಹಾಕುವ ಮುಂಚೆ ಗೊಬ್ಬರ ಮಾಗಿದೆಯೇ ಎಂದು ನೋಡಬೇಕು. ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು, ಹಾಕಿದ ಸಿಪ್ಪೆಯ ಗುರುತು ಸಿಗಬಾರದು. ಅನುಮಾನವಿದ್ದರೆ ಒಂದು ಬಟ್ಟಲಿನಲ್ಲಿ ಗೊಬ್ಬರಕ್ಕೆ ಸ್ವಲ್ಪ ಮಣ್ಣು ಬೆರೆಸಿ ಮೆಂತ್ಯದ ಕಾಳು ಉದುರಿಸಿ. ಚೆನ್ನಾಗಿ ಮೊಳೆತರೆ ಮಾಗಿದೆ, ಕಾಳು ಕೊಳೆತರೆ ಇನ್ನೂ ಕಾಯಬೇಕು. ಬರೀ ಗೊಬ್ಬರದಲ್ಲೇ ಗಿಡ ನೆಡುವುದು ಹೊಸಬರ ಅತ್ಯುತ್ಸಾಹ. ಕೆಂಪು ಮಣ್ಣು, ಗೊಬ್ಬರ, ಕೊಕೊಪೀಟ್ ಸಮಪಾಲು, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ಮೊದಲ ಬೆಳೆಗೆ ಟೊಮೇಟೊ ಬೇಡ. ರೋಗ, ಕೀಟ ಎರಡೂ ಬಂದು ಮನಸ್ಸು ಮುರಿಯುತ್ತವೆ. ಮೆಂತ್ಯ ಸೊಪ್ಪು ಮೂರ್ನಾಲ್ಕು ವಾರಕ್ಕೆ ಕೊಯ್ಲಿಗೆ ಬರುತ್ತದೆ, ಹರಿವೆ ಅದರ ಹಿಂದೆಯೇ. ಬಸಳೆಯ ಒಂದು ಕಡ್ಡಿ ಊರಿದರೆ ಬೇಡವೆಂದರೂ ಹಬ್ಬುತ್ತದೆ. ತೋಟವೇ ಇಲ್ಲದವರಿಗೆ ರಸ್ತೆಬದಿಯ ಮರದ ಬುಡವಿದೆ.

ಕೊನೆಯದಾಗಿ ಕಾಲದ ಮಾತು. ಇಂಥ ಶಿಬಿರಗಳು ವಿಶ್ವ ಪರಿಸರ ದಿನವೆಂದು ಜೂನ್ 5ರ ಆಸುಪಾಸಿನಲ್ಲಿ ಸಾಲುಗಟ್ಟುತ್ತವೆ. ಗೊಬ್ಬರ ಕಲಿಯಲು ಅದಕ್ಕಿಂತ ಕೆಟ್ಟ ಹೊತ್ತಿಲ್ಲ. ಮಳೆ ಹಿಡಿದಿರುತ್ತದೆ, ಎಲೆಗಳೆಲ್ಲ ಒದ್ದೆ, ಹೊಸಬರ ಡಬ್ಬಿ ಹತ್ತೇ ದಿನಕ್ಕೆ ನೀರು ಬಿಡುತ್ತದೆ. ಹೊಂಗೆ, ರೇನ್ ಟ್ರೀ ಎಲೆ ಉದುರಿಸುವುದು ಜನವರಿಯಿಂದ ಮಾರ್ಚ್‌ವರೆಗೆ. ಪೌರಕಾರ್ಮಿಕರು ಗುಡಿಸಿ ರಾಶಿ ಮಾಡಿದ ಎಲೆಯನ್ನು ಆಗ ಕೇಳಿ ಪಡೆದರೆ ಯಾರಾದರೂ ಅದಕ್ಕೆ ಬೆಂಕಿ ಇಡುವುದೂ ತಪ್ಪುತ್ತದೆ. ಮನೆಗೆ ಮೂರು ನಾಲ್ಕು ಗೋಣಿಚೀಲ ತುಂಬಿ, ಮಳೆ ಹನಿ ಬೀಳದ ಮೂಲೆಯಲ್ಲಿಟ್ಟುಕೊಳ್ಳಬೇಕು. ಉಳಿದ ಎಲೆಗೆ ಪಾರ್ಕಿನಲ್ಲಿ ಒಂದು ಮೀಟರ್ ಅಗಲದ ಜಾಲರಿ ಕಟ್ಟಿ ತುಂಬಿ, ಆಗೀಗ ನೀರು ಹೊಯ್ದರೆ ಆರೆಂಟು ತಿಂಗಳಿಗೆ ಅದೂ ಗೊಬ್ಬರ. ಶಿಬಿರದ ಕರಪತ್ರವನ್ನು ಫೆಬ್ರವರಿಗೆ ಅಚ್ಚು ಹಾಕಿಸಿ, ಬರುವವರು ಒಂದು ಖಾಲಿ ಚೀಲ ತರಬೇಕೆಂದು ಅದರಲ್ಲೇ ಬರೆಯಿರಿ.